ಮೈಕೆಲ್ ಲ್ಯಾವೆಲ್ಲೆ: ಕೋಲಾರದಲ್ಲಿ ನಷ್ಟವನ್ನು ತಾನೇ ಹೊತ್ತವರು

ನಮ್ಮ ಊರಲ್ಲಿ ಬೋರ್‌ವೆಲ್ ಕೊರೆಸಿದ ರೈತರನ್ನು ಕೇಳಿ ನೋಡಿ. ನೀರು ಬಿದ್ದರೂ ಬೀಳದಿದ್ದರೂ ಅಡಿ ಲೆಕ್ಕದ ಹಣ ಕೊಡಲೇಬೇಕು. ನೆಲದೊಳಗೆ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ. ಆದ್ದರಿಂದ ನಷ್ಟವಾದರೆ ಯಾರದು ಎಂಬುದನ್ನು ಮೊದಲೇ ಮಾತಾಡಿಕೊಳ್ಳಬೇಕು. ಕೋಲಾರದ ಚಿನ್ನದ ಗಣಿಯೂ ಅಂಥದೇ ಒಂದು ಒಪ್ಪಂದದಿಂದ ಶುರುವಾಯಿತು. ಆ ಒಪ್ಪಂದ ಮಾಡಿಕೊಂಡವರು ಮೈಕೆಲ್ ಲ್ಯಾವೆಲ್ಲೆ.

ಲ್ಯಾವೆಲ್ಲೆ ಐರ್ಲೆಂಡಿನವರು, ಬ್ರಿಟಿಷ್ ಸೈನ್ಯದಲ್ಲಿದ್ದವರು. ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬಂದು ಬೆಂಗಳೂರು ದಂಡಿನಲ್ಲಿ ನೆಲೆಸಿದರು. ಕೋಲಾರ ಸೀಮೆಯ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುತ್ತಾರೆಂದು ಜಾನ್ ವಾರೆನ್ ಎಂಬ ಅಧಿಕಾರಿ ಬರೆದಿದ್ದ 1804ರ ವರದಿ 1871ರಲ್ಲಿ ಅವರ ಕಣ್ಣಿಗೆ ಬಿತ್ತು. ಎತ್ತಿನ ಗಾಡಿ ಹೂಡಿ ಅಲ್ಲಿಗೆ ಹೊರಟೇಬಿಟ್ಟರು.

1873ರಲ್ಲಿ ಅವರು ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದರು. ತನಗೆ ಅಗೆಯುವ ಹಕ್ಕು ಮಾತ್ರ ಸಾಕು, ಗೆದ್ದರೆ ಸರ್ಕಾರಕ್ಕೆ ಲಾಭ, ಸೋತರೆ ಸರ್ಕಾರಕ್ಕೆ ಒಂದು ಕಾಸೂ ಖರ್ಚಿಲ್ಲ ಎಂಬುದು ಅದರ ಸಾರ. 1875ರ ಫೆಬ್ರವರಿ 2ರಂದು 20 ವರ್ಷಗಳ ಹಕ್ಕು ಸಿಕ್ಕಿತು. ಆದರೆ ಪೂರ್ತಿ ನಷ್ಟದ ಭಾರ ಒಬ್ಬರ ಹೆಗಲಿಗೇ ಬಿತ್ತು. ಬಾವಿ ಆಳವಾದಂತೆ ಖರ್ಚು ಏರಿತು, ಕೈಯಲ್ಲಿದ್ದ ಹಣ ಕರಗಿತು. 1877ರಲ್ಲಿ ಅವರು ತಮ್ಮ ಹಕ್ಕನ್ನು ಮೇಜರ್ ಜನರಲ್ ಬೆರೆಸ್‌ಫೋರ್ಡ್ ಮತ್ತು ಅವರ ಗೆಳೆಯರ ಕೂಟಕ್ಕೆ ಬಿಟ್ಟುಕೊಟ್ಟರು.

ಆಮೇಲೆ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂತು. ಕಂಪನಿಗಳು ಹುಟ್ಟಿದವು, ನಷ್ಟದ ಭಯ ನೂರಾರು ಷೇರುದಾರರಿಗೆ ಹಂಚಿಹೋಯಿತು. ಆದರೂ ಹಲವು ಕಂಪನಿಗಳು ಕೈಸುಟ್ಟುಕೊಂಡವು. ಮೈಸೂರು ಕಂಪನಿ ಮಾತ್ರ ಉಳಿದ ಹಣದಲ್ಲೇ ಇನ್ನಷ್ಟು ಆಳಕ್ಕೆ ಅಗೆಸಿತು. ಆಗ ಚಾಂಪಿಯನ್ ರೀಫ್ ಎಂಬ ಚಿನ್ನದ ಪದರ ಸಿಕ್ಕಿತು. ಮುಂದೆ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ ಹೋಯಿತು, 2001ರವರೆಗೆ ನಡೆಯಿತು.

ಷೇರುದಾರ ಸೋತರೆ ಹಾಕಿದ ಹಣವಷ್ಟೇ ಹೋಗುತ್ತಿತ್ತು. ತಮಿಳು, ತೆಲುಗು ನಾಡುಗಳಿಂದ ಬಂದು ಕೆಳಗಿಳಿದ ಕಾರ್ಮಿಕರು ಬಂಡೆ ಸಿಡಿದಾಗ ಪ್ರಾಣವನ್ನೇ ಕಳೆದುಕೊಂಡರು. ಆ ಅಪಾಯವನ್ನು ಯಾವ ಷೇರೂ ಹಂಚಿಕೊಳ್ಳಲಿಲ್ಲ.

ಬೆಂಗಳೂರಿನ ಲ್ಯಾವೆಲ್ಲೆ ರಸ್ತೆಗೆ ಇವರದೇ ಹೆಸರು. ಪಾಲುದಾರಿಕೆಯಲ್ಲಿ, ಅಂದರೆ ಮುಷಾರಕಾದಲ್ಲಿ, ನಷ್ಟವನ್ನು ಹಾಕಿದ ಬಂಡವಾಳಕ್ಕೆ ತಕ್ಕಂತೆ ಎಲ್ಲರೂ ಹೊರಬೇಕೆಂದು ನಮ್ಮ ಫಿಕ್ಹ್ ಹೇಳುತ್ತದೆ. ನಾಳೆ ವಕೀಲರೋ ಇಂಜಿನಿಯರೋ ಆಗಿ ಒಪ್ಪಂದ ಬರೆಯುವ ಗೆಳೆಯರು, ಅದರ ಜೊತೆಗೆ ನೆಲದಡಿ ಇಳಿಯುವವನ ಪಾಲಿಗೆ ಏನು ಬರೆದಿದೆ ಎಂದೂ ಒಮ್ಮೆ ಓದಿ ಸಹಿ ಹಾಕಲಿ.