ಹಾಫ್ಕಿನ್ ಮಹಾಶಯರೂ ಹೊಸ ಔಷಧದ ಪರೀಕ್ಷೆಯೂ

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲುಹಾದಿಯು ಅಜ್ಜಂಪುರವನ್ನು ಹಾದುಹೋಗುವುದು. ಅಂತರಘಟ್ಟೆಯ ಅಮ್ಮನ ಜಾತ್ರೆಗೆ ಬಂಡಿ ಕಟ್ಟಿಕೊಂಡು ಬರುವ ಆ ಸೀಮೆಯ ರೈತರು ಈ ಹಾದಿಯನ್ನು ಚೆನ್ನಾಗಿ ಬಲ್ಲರು. 1898ನೆಯ ಇಸವಿಯಲ್ಲಿ ಹುಬ್ಬಳ್ಳಿಯನ್ನು ಪೀಡಿಸುತ್ತಿದ್ದ ಪ್ಲೇಗು ಮಹಾಮಾರಿಯು ಇದೇ ಹಾದಿಯನ್ನು ಹಿಡಿದು ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರನ್ನು ತಲಪಿತು. ಆ ದಾರುಣ ದಿನಗಳಲ್ಲಿ ಕನ್ನಡಿಗರ ಮುಂದೆ ಒಂದು ಹೊಸ ಔಷಧವು ಬಂದು ನಿಂತಿತು. ಅದನ್ನು ನಿರ್ಮಿಸಿದವರು ವಾಲ್ಡಮಾರ್ ಹಾಫ್ಕಿನ್ ಮಹಾಶಯರು. ಹೊಸ ಔಷಧದ ಗುಣದೋಷಗಳನ್ನು ಯಾರು ತೂಗಬೇಕು, ಅದರಿಂದ ಕೇಡಾಯಿತೆಂಬ ಕೂಗೆದ್ದಾಗ ಯಾರು ವಿಚಾರಿಸಬೇಕು ಎಂಬ ಪ್ರಶ್ನೆಗೆ ಉತ್ತರವನ್ನರಸುವವರು ಈ ಮಹನೀಯರ ಚರಿತ್ರೆಯನ್ನು ಅವಶ್ಯವಾಗಿ ತಿಳಿದಿರಬೇಕೆಂದು ನಾವು ಭಾವಿಸುತ್ತೇವೆ.

ಹಾಫ್ಕಿನ್ನರು 1860ನೆಯ ಇಸವಿಯ ಮಾರ್ಚಿ 15ರಂದು ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ನಗರದಲ್ಲಿ ಯೆಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಪ್ರಸಿದ್ಧ ವಿಜ್ಞಾನಿಯಾದ ಮೆಚ್ನಿಕೋವರ ಶಿಷ್ಯರಾಗಿದ್ದರೂ ಯೆಹೂದಿಯಾದ ಕಾರಣ ಸ್ವದೇಶದಲ್ಲಿ ತಕ್ಕ ಪದವಿಯು ದೊರೆಯದೆ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದರು. ಅಲ್ಲಿಯೂ ಮೊದಲು ಸಿಕ್ಕಿದುದು ಗ್ರಂಥಭಂಡಾರದ ಕೆಲಸವೇ. ಬಿಡುವಿನ ವೇಳೆಯಲ್ಲಿ ಪ್ರಯೋಗಗಳನ್ನು ನಡೆಯಿಸಿ ಕಾಲರಾ ಬೇನೆಗೆ ಲಸಿಕೆಯೊಂದನ್ನು ಸಿದ್ಧಪಡಿಸಿ, 1892ರ ಜುಲೈ 18ರಂದು ಅದನ್ನು ಮೊದಲು ತಮ್ಮ ಶರೀರಕ್ಕೇ ಚುಚ್ಚಿಕೊಂಡರು. 1893ರಲ್ಲಿ ಭಾರತಕ್ಕೆ ಬಂದು, ಕಲಕತ್ತೆಯ ಬಡವರ ಕೇರಿಗಳಲ್ಲಿಯೂ ಕಾರ್ಯವನ್ನು ನಡೆಯಿಸಿದರು. ಒಂದೇ ಮನೆಯಲ್ಲಿ ಚುಚ್ಚಿಸಿಕೊಂಡವರೆಷ್ಟು, ಚುಚ್ಚಿಸಿಕೊಳ್ಳದವರೆಷ್ಟು, ಎರಡು ಗುಂಪಿನಲ್ಲಿಯೂ ಬೇನೆ ಬಿದ್ದವರೆಷ್ಟು, ಸತ್ತವರೆಷ್ಟು ಎಂದು ಲೆಕ್ಕವಿಡುವುದು ಅವರ ಕ್ರಮವಾಗಿದ್ದಿತು. ಒಂದೇ ನೀರು ಕುಡಿದು ಒಂದೇ ಸೂರಿನಡಿಯಲ್ಲಿ ಬಾಳುವವರನ್ನು ಹೋಲಿಸಿದ ಹೊರತು ಔಷಧದ ಫಲವು ತಿಳಿಯದೆಂಬುದು ಅವರ ನಿಶ್ಚಯ.

1896ರಲ್ಲಿ ಮುಂಬಯಿಗೆ ಪ್ಲೇಗು ಬರಲು ಅವರು ಅಲ್ಲಿಗೆ ಧಾವಿಸಿ, ಕೆಲವೇ ತಿಂಗಳುಗಳಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಮಾಡಿದರು. 1897ರ ಜನವರಿ 10ರಂದು, ಮುಂದೆ ಜನರಿಗೆ ಕೊಡತಕ್ಕುದಕ್ಕಿಂತ ಹೆಚ್ಚಿನ ಪ್ರಮಾಣವನ್ನು ತಾವೇ ಚುಚ್ಚಿಸಿಕೊಂಡು, ತಮಗೆ ಬಂದ ಜ್ವರವನ್ನೂ ನೋವನ್ನೂ ಮರೆಮಾಚದೆ ಬರೆದಿಟ್ಟರು. ಅದೇ ತಿಂಗಳಿನ ಕೊನೆಗೆ ಬೈಕುಲಾ ಸೆರೆಮನೆಯಲ್ಲಿ ಪ್ಲೇಗು ತೋರಲು, ತಾವಾಗಿ ಮುಂದೆ ಬಂದ ಸುಮಾರು ಅರ್ಧದಷ್ಟು ಕೈದಿಗಳಿಗೆ ಅದನ್ನು ಕೊಡಲಾಯಿತು. ತರುವಾಯ ಚುಚ್ಚಿಸಿಕೊಳ್ಳದವರಲ್ಲಿ 12 ಮಂದಿಗೆ ಬೇನೆ ತಗುಲಿ 6 ಮಂದಿ ಸತ್ತರು. ಚುಚ್ಚಿಸಿಕೊಂಡವರಲ್ಲಿ ಬೇನೆ ಬಿದ್ದವರು ಇಬ್ಬರೇ, ಅವರೂ ಬದುಕಿದರು. ಆದರೂ ಸೆರೆಯಾಳಿನ ಸಮ್ಮತಿಯು ಎಷ್ಟರ ಮಟ್ಟಿಗೆ ಸ್ವತಂತ್ರವಾದುದೆಂದು ಇಂದು ನಾವು ಕೇಳದಿರಲಾರೆವು.

ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನರು ಈ ಲಸಿಕೆಯನ್ನು ಪಡೆದರು. ಪರಸರಕಾರದ ಸಿಪಾಯಿಗಳು ಮನೆಗಳನ್ನು ಹೊಕ್ಕು ರೋಗಿಗಳನ್ನೆಳೆದೊಯ್ಯುತ್ತಿದ್ದ ಕಾಲವದು. ಸರಕಾರದ ಕೈಯಿಂದ ಬಂದ ಔಷಧವನ್ನು ಜನರು ಶಂಕಿಸಿದುದರಲ್ಲಿ ಆಶ್ಚರ್ಯವಿಲ್ಲ. ಎಡಿನ್‌ಬರೋದ ಔಷಧಶಾಸ್ತ್ರ ಪಂಡಿತರಾದ ಫ್ರೇಜರ್ ಎಂಬವರ ಅಧ್ಯಕ್ಷತೆಯಲ್ಲಿ ನೇಮಕವಾದ ಪ್ಲೇಗು ಕಮಿಷನ್ನು ಧಾರವಾಡ ಜಿಲ್ಲೆಯ ಲೆಕ್ಕಗಳನ್ನೂ ಪರಿಶೀಲಿಸಿ, ಲಸಿಕೆಯು ಬೇನೆಯನ್ನೂ ಸಾವನ್ನೂ ಕಡಮೆ ಮಾಡುವುದೆಂದೂ, ಆದರೆ ಪೂರ್ಣ ರಕ್ಷಣೆಯನ್ನು ಕೊಡದೆಂದೂ, ಅದರ ಪ್ರಮಾಣವನ್ನು ನಿಗದಿಗೊಳಿಸುವ ಕ್ರಮವು ಸಾಲದೆಂದೂ ತೀರ್ಮಾನಿಸಿತು. ಔಷಧವನ್ನು ನಿರ್ಮಿಸಿದವರಲ್ಲದೆ ಅನ್ಯರು ಗುಣವನ್ನೂ ಕೊರತೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದುದು ಹೀಗೆ.

ಆ ಮೇಲೆ ಘೋರವಾದ ವಿಪತ್ತೊದಗಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ ಗ್ರಾಮದಲ್ಲಿ 107 ಮಂದಿಗೆ ಲಸಿಕೆ ಹಾಕಲಾಗಿ, ಒಂದೇ ಸೀಸೆಯಿಂದ ಅದನ್ನು ಪಡೆದ 19 ಮಂದಿ ಧನುರ್ವಾಯುವಿನಿಂದ ಮಡಿದರು. ಸರಕಾರವು ನೇಮಿಸಿದ ವಿಚಾರಣಾ ಮಂಡಲಿಯು, ಸೀಸೆಯನ್ನು ತೆರೆಯುವುದಕ್ಕೆ ಮೊದಲೇ ವಿಷವು ಅದರಲ್ಲಿ ಸೇರಿತ್ತೆಂದು ಹೇಳಿತು. ಕಾರ್ಬಾಲಿಕ್ ಆಮ್ಲವನ್ನು ಬೆರಸುವ ಹಳೆಯ ಕ್ರಮವನ್ನು ಬಿಟ್ಟುದು ಹಾಫ್ಕಿನ್ನರ ಅಪರಾಧವೆಂದೆಣಿಸಲ್ಪಟ್ಟು, ಅವರನ್ನು ಪ್ರಯೋಗಶಾಲೆಯಿಂದ ದೂರವಿಡಲಾಯಿತು. ಸಾಕ್ಷ್ಯಗಳು ಮಾತ್ರ ವರ್ಷಗಟ್ಟಲೆ ಸಾರ್ವಜನಿಕರ ಕಣ್ಣಿಗೆ ಬೀಳಲಿಲ್ಲ.

ಅವು ಹೊರಬಿದ್ದ ಬಳಿಕ ಸಂಗತಿಯು ಬೇರೆಯಾಗಿ ಕಂಡಿತು. ಸೀಸೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಚಿಮಟವು ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಗೊಳಿಸದೆಯೇ ಬಳಸಲಾಗಿತ್ತು. ಧನುರ್ವಾಯುವಿನ ಕ್ರಿಮಿಗಳು ಬಹುದಿನ ಬೆಳೆದಿದ್ದರೆ ದುರ್ವಾಸನೆಯು ಹೊಡೆಯಬೇಕಾಗಿದ್ದಿತು. ತೆರೆದ ವೈದ್ಯರಿಗೆ ಅಂತಹ ವಾಸನೆಯು ತೋರಿರಲಿಲ್ಲ. ಲಂಡನ್ನಿನ ಲಿಸ್ಟರ್ ಸಂಸ್ಥೆಯು ಸಾಕ್ಷ್ಯಗಳನ್ನು ಮರಳಿ ಶೋಧಿಸಿತು. 1907ರ ಜುಲೈ ತಿಂಗಳಿನಲ್ಲಿ ರೊನಾಲ್ಡ್ ರಾಸ್ ಮೊದಲಾದ ಹತ್ತು ಮಂದಿ ವಿದ್ವಾಂಸರು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಹಾಫ್ಕಿನ್ನರ ನಿರಪರಾಧಿತ್ವವನ್ನು ಸಾರಿದರು. ಅದೇ ವರ್ಷ ಅವರು ಕಲಕತ್ತೆಗೆ ಮರಳಿದರೂ ಐದು ವರ್ಷಗಳ ಅಪವಾದವು ಅವರ ಉತ್ಸಾಹವನ್ನು ಕುಂದಿಸಿದ್ದಿತು. 1925ರಲ್ಲಿ ಮುಂಬಯಿಯ ಪ್ರಯೋಗಶಾಲೆಗೆ ಅವರ ಹೆಸರನ್ನಿಡಲಾಯಿತು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಅವರು ದೇಹಬಿಟ್ಟರು.

ಈ ಚರಿತ್ರೆಯು ಎರಡು ಕಡೆಗೂ ಎಚ್ಚರಿಕೆಯನ್ನು ಹೇಳುತ್ತದೆ. ಮಾರುವವನ ಮಾತೊಂದನ್ನೇ ನಂಬಿ ಔಷಧವನ್ನು ಕೊಂಡಾಡುವುದು ಹೇಗೆ ಅವಿವೇಕವೋ, ಸಾವಿನ ಸುದ್ದಿ ಬಂದೊಡನೆ ಶೋಧನೆಯಿಲ್ಲದೆ ಔಷಧವನ್ನೇ ಶಪಿಸುವುದೂ ಹಾಗೆಯೇ ಅವಿವೇಕ. ಲಾಭಕ್ಕೂ ಅಧಿಕಾರಕ್ಕೂ ಅಂಜದ ಪರೀಕ್ಷಕರಿದ್ದು, ಅವರ ಲೆಕ್ಕವು ಎಲ್ಲರ ಮುಂದೆ ಬಿಚ್ಚಿಟ್ಟಿದ್ದರೆ ರೋಗಿಗೂ ಶೋಧಕನಿಗೂ ನ್ಯಾಯವು ದೊರೆಯುವುದು. ನಮ್ಮ ದೇಶದಲ್ಲಿ 2010ರಲ್ಲಿ ಔಷಧಗಳ ದುಷ್ಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ವ್ಯವಸ್ಥೆಯೊಂದು ಏರ್ಪಟ್ಟಿತು. ಗಾಜಿಯಾಬಾದಿನಲ್ಲಿರುವ ಭಾರತೀಯ ಫಾರ್ಮಕೊಪಿಯಾ ಆಯೋಗವು ವೈದ್ಯಕೀಯ ಕಾಲೇಜುಗಳ ಮೂಲಕ ವರದಿಗಳನ್ನು ಪಡೆಯುತ್ತದೆ. ವೈದ್ಯರಷ್ಟೇ ಅಲ್ಲ, ರೋಗಿಯೂ ವರದಿ ಕೊಡಬಹುದು. ಆದರೆ ವರದಿ ಬರೆಯುವವರಿಲ್ಲದಿದ್ದರೆ ಈ ವ್ಯವಸ್ಥೆಯಿಂದ ಏನು ಫಲ? ಹಳ್ಳಿಯ ಆರೋಗ್ಯಕೇಂದ್ರದ ವೈದ್ಯನು ತಾನು ಕೊಟ್ಟ ಮಾತ್ರೆಯಿಂದ ಮೈಯೆಲ್ಲ ಗಂಧೆಯೆದ್ದುದನ್ನು ಕಂಡರೆ ಅದನ್ನು ಬರೆದು ಕಳುಹಿಸುವುದು ತನ್ನ ಕರ್ತವ್ಯವೆಂದು ತಿಳಿಯಲಿ. ಮೇಲಿನ ಅಧಿಕಾರಿಯು ಅದನ್ನು ದೂರೆಂದೆಣಿಸಿ ಅವನನ್ನು ಗದರದಿರಲಿ. ತನಗೆ ಬಂದ ಜ್ವರವನ್ನು ತಾನೇ ಬರೆದಿಟ್ಟ ಆ ಮಹನೀಯರಿಗೆ ಇದಕ್ಕಿಂತ ಯೋಗ್ಯವಾದ ಗೌರವವಿಲ್ಲವೆಂದು ನಾವು ನಂಬುತ್ತೇವೆ.