ಹಿಮದ ಮೇಲೆ ಓಡಿದ ರಬ್ಬರ್ ಪಟ್ಟಿ

ಮಕ್ಕಳೇ, ನಾಟಿಗೆ ಸಿದ್ಧವಾದ ಕೆಸರು ಗದ್ದೆಗೆ ಎಂದಾದರೂ ಇಳಿದಿದ್ದೀರಾ? ಒಂದು ಹೆಜ್ಜೆ ಇಟ್ಟರೆ ಕಾಲು ಹೂತುಹೋಗುತ್ತದೆ. ಎಳೆದರೆ ಸುಲಭವಾಗಿ ಬರುವುದಿಲ್ಲ. ಅದೇ ಕೆಸರಿನ ಮೇಲೆ ಒಂದು ಅಗಲವಾದ ಹಲಗೆ ಹಾಕಿ ಅದರ ಮೇಲೆ ನಿಂತರೆ ಅಷ್ಟು ಹೂಳುವುದಿಲ್ಲ. ನಿಮ್ಮ ತೂಕವೇನೂ ಕಡಿಮೆಯಾಗಿಲ್ಲ. ಆದರೆ ಆ ತೂಕ ಹೆಚ್ಚು ಜಾಗದ ಮೇಲೆ ಹಂಚಿಹೋಗಿದೆ, ಅಷ್ಟೆ. ಇದನ್ನೇ ವಿಜ್ಞಾನದಲ್ಲಿ ಒತ್ತಡ ಕಡಿಮೆಯಾಯಿತು ಎನ್ನುತ್ತೇವೆ.

ಈಗ ಕೆಸರಿನ ಬದಲು ಹಿಮವನ್ನು ಊಹಿಸಿಕೊಳ್ಳಿ. ಆಗತಾನೆ ಬಿದ್ದ ಹಿಮ ಹಿಟ್ಟಿನಂತೆ ಹಗುರ, ಸಡಿಲ. ಅದರ ಮೇಲೆ ಕಾರು ಓಡಿಸಿದರೆ ಚಕ್ರಗಳು ಹೂತು, ನಿಂತಲ್ಲೇ ತಿರುಗುತ್ತವೆ. ಹಾಗಾದರೆ ವರ್ಷದಲ್ಲಿ ನಾಲ್ಕೈದು ತಿಂಗಳು ಹಿಮ ಬೀಳುವ ಊರಿನ ಜನ ಆಸ್ಪತ್ರೆಗೆ ಹೇಗೆ ಹೋಗಬೇಕು? ಮಕ್ಕಳು ಶಾಲೆಗೆ ಹೇಗೆ ಹೋಗಬೇಕು? ಈ ಪ್ರಶ್ನೆಗೆ ತನ್ನ ಜೀವನವನ್ನೇ ಉತ್ತರವಾಗಿಸಿದ ಒಬ್ಬ ತಂತ್ರಜ್ಞರ ಕಥೆ ಇದು. ಅವರ ಹೆಸರು ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್.

ಗಡಿಯಾರ ಬಿಚ್ಚುವ ಹುಡುಗ

ಅರ್ಮಾಂಡ್ ಹುಟ್ಟಿದ್ದು 1907ರ ಏಪ್ರಿಲ್ 16ರಂದು, ಕೆನಡಾ ದೇಶದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಸಣ್ಣ ಊರಿನ ಬಳಿ. ಎಂಟು ಮಕ್ಕಳಲ್ಲಿ ಅವನೇ ಹಿರಿಯ. ತಂದೆ ಮೊದಲು ಬೇಸಾಯಗಾರ, ಆಮೇಲೆ ಅಂಗಡಿ ಇಟ್ಟವರು. ಹುಡುಗನಿಗೆ ಯಂತ್ರಗಳೆಂದರೆ ಪ್ರಾಣ. ಹಳೆಯ ಗಡಿಯಾರದ ಚಕ್ರಗಳನ್ನು ಬಿಚ್ಚಿ ಓಡುವ ಆಟಿಕೆಗಳನ್ನು ಮಾಡುತ್ತಿದ್ದ.

ಮಗ ಪಾದ್ರಿಯಾಗಲಿ ಎಂಬುದು ಮನೆಯವರ ಆಸೆ. ಅದಕ್ಕಾಗಿ ಅವನನ್ನು ಶೆರ್‌ಬ್ರೂಕ್ ನಗರದ ಶಾಲೆಗೆ ಕಳುಹಿಸಿದರು. ಆದರೆ ಅವನ ಮನಸ್ಸು ಎಂಜಿನ್ನಿನ ಸದ್ದಿನಲ್ಲೇ ಇತ್ತು. ಇದನ್ನು ಕಂಡ ತಂದೆ ಹಳೆಯ ಫೋರ್ಡ್ ಕಾರಿನ ಎಂಜಿನ್ ಒಂದನ್ನು ಕೊಟ್ಟರು. 1922ರ ಕೊನೆಯ ದಿನ, ರಜೆಗೆಂದು ಮನೆಗೆ ಬಂದಿದ್ದ 15 ವರ್ಷದ ಅರ್ಮಾಂಡ್ ಒಂದು ವಿಚಿತ್ರ ಗಾಡಿಯನ್ನು ಹೊರಗೆ ತಂದ. ಹಿಮದ ಮೇಲೆ ಜಾರುವ ಗಾಡಿಯ ಮೇಲೆ ಎಂಜಿನ್, ಅದರ ಹಿಂದೆ ಮರದಿಂದ ಕೆತ್ತಿದ ದೊಡ್ಡ ಪಂಖ! ತಮ್ಮ ಮುಂದೆ ಕುಳಿತು ದಿಕ್ಕು ತಿರುಗಿಸಿದ. ಗಾಡಿ ಗುಡುಗುಡು ಸದ್ದು ಮಾಡುತ್ತಾ ಊರಿನ ಬೀದಿಯಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಓಡಿತು. ಜನ ಬೆರಗಾಗಿ ನೋಡಿದರು.

ಆದರೆ ತಂದೆ ಹೆದರಿದರು. ಮುಚ್ಚಳವಿಲ್ಲದೆ ರಭಸವಾಗಿ ತಿರುಗುವ ಪಂಖ ಯಾರಿಗಾದರೂ ತಗುಲಿದರೆ? ಗಾಡಿಯನ್ನು ಕೂಡಲೇ ಬಿಚ್ಚಿಹಾಕಲು ಹೇಳಿದರು. ಹುಡುಗ ಬಿಚ್ಚಿದ. ಆದರೆ ಹಿಮದ ಮೇಲೆ ಓಡುವ ಗಾಡಿಯ ಯೋಚನೆಯನ್ನು ಮಾತ್ರ ಬಿಡಲಿಲ್ಲ.

ಹತ್ತೊಂಬತ್ತನೆಯ ವಯಸ್ಸಿಗೆ ಗ್ಯಾರೇಜು

1926ರಲ್ಲಿ ಅರ್ಮಾಂಡ್ ವಾಲ್ಕೂರ್‌ನಲ್ಲಿ ತಮ್ಮದೇ ಗ್ಯಾರೇಜನ್ನು ತೆರೆದರು. ಆಗ ಅವರಿಗೆ 19 ವರ್ಷ. ಬೇಸಿಗೆಯಲ್ಲಿ ಕಾರು, ಪಂಪು, ಬೇಸಾಯದ ಯಂತ್ರಗಳ ದುರಸ್ತಿ. ಚಳಿಗಾಲದಲ್ಲಿ ಮಾತ್ರ ಗ್ಯಾರೇಜಿಗೆ ಕೆಲಸ ಕಡಿಮೆ. ಏಕೆ ಗೊತ್ತೆ? ರಸ್ತೆಗಳು ಹಿಮದಲ್ಲಿ ಮುಚ್ಚಿಹೋಗುತ್ತಿದ್ದವು. ಜನ ಕಾರುಗಳನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿ, ಕುದುರೆ ಎಳೆಯುವ ಜಾರುಗಾಡಿಗಳಲ್ಲಿ ಓಡಾಡುತ್ತಿದ್ದರು. ಈ ಬಿಡುವಿನ ತಿಂಗಳುಗಳನ್ನು ಅವರು ಪ್ರಯೋಗಕ್ಕೆ ಬಳಸಿಕೊಂಡರು.

ಗದ್ದೆಯ ಹಲಗೆಯನ್ನು ನೆನಪಿಸಿಕೊಳ್ಳಿ. ಹಲಗೆ ಹೂಳುವುದಿಲ್ಲ, ನಿಜ. ಆದರೆ ಅದು ಮುಂದಕ್ಕೂ ಹೋಗುವುದಿಲ್ಲ! ನಡೆಯುತ್ತಾ ಹೋದಂತೆ ಹಿಂದಿನ ಹಲಗೆಯನ್ನು ತೆಗೆದು ಮುಂದೆ ಹಾಕುತ್ತಿರಬೇಕು. ಈ ಕೆಲಸವನ್ನು ಗಾಡಿಯೇ ಮಾಡಿಕೊಂಡರೆ? ಅದೇ ಟ್ರ್ಯಾಕ್. ಬುಲ್ಡೋಜರ್‌ನ ಚಕ್ರಗಳ ಸುತ್ತ ಸುತ್ತುವ ಕಬ್ಬಿಣದ ಪಟ್ಟಿಯನ್ನು ನೀವು ನೋಡಿರಬಹುದು. ಗಾಡಿ ತನ್ನ ದಾರಿಯನ್ನು ತಾನೇ ಮುಂದೆ ಹಾಸಿಕೊಂಡು, ಅದರ ಮೇಲೆ ಓಡಿ, ಹಿಂದಿನಿಂದ ಎತ್ತಿಕೊಳ್ಳುತ್ತದೆ.

ಆದರೆ ಕಬ್ಬಿಣದ ಪಟ್ಟಿ ಬಲು ಭಾರ. ಮೆದು ಹಿಮದ ಮೇಲೆ ಓಡುವ ಗಾಡಿಗೆ ಆ ಭಾರವೇ ಶತ್ರು. ಹಗುರವಾಗಲಿ ಎಂದು ರಬ್ಬರ್ ಪಟ್ಟಿ ಹಾಕಿದರೆ ಬೇರೆ ತೊಂದರೆ. ಹಿಟ್ಟಿನ ಗಿರಣಿಯ ಬೆಲ್ಟು ಒದ್ದೆಯಾದರೆ ಜಾರುತ್ತದಲ್ಲವೆ? ಹಾಗೆಯೇ ಹಿಮ ಸೇರಿದ ಕೂಡಲೆ ಪಟ್ಟಿ ಚಕ್ರದ ಮೇಲೆ ಜಾರುತ್ತದೆ. ಹಗುರವಾಗಿರಬೇಕು, ಜಾರಬಾರದು, ಚಳಿಯಲ್ಲಿ ಬಿರಿಯಬಾರದು, ಹರಿಯಬಾರದು. ಇಷ್ಟು ಗುಣಗಳಿರುವ ಪಟ್ಟಿ ಎಲ್ಲಿ ಸಿಗಬೇಕು? ಗಾಡಿಯ ಎಂಜಿನ್‌ಗಿಂತ ಅದರ ಪಟ್ಟಿಯೇ ಕಠಿಣವಾದ ಸಮಸ್ಯೆಯಾಯಿತು.

ದುಃಖದ ಚಳಿಗಾಲ

1929ರಲ್ಲಿ ಅರ್ಮಾಂಡ್ ಅವರಿಗೆ ಯುವೋನ್ ಅವರೊಡನೆ ಮದುವೆಯಾಗಿತ್ತು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗು ಯುವೋಂಗೆ ಕರುಳುಬಾಲದ ಉರಿಯೂತ ಕಾಣಿಸಿಕೊಂಡಿತು. ತಕ್ಷಣ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಆಸ್ಪತ್ರೆ ಇದ್ದದ್ದು ದೂರದ ಶೆರ್‌ಬ್ರೂಕ್‌ನಲ್ಲಿ. ದಾರಿಯೆಲ್ಲ ಹಿಮ. ಗ್ಯಾರೇಜಿನಲ್ಲಿದ್ದ ಹಿಮವಾಹನ ಇನ್ನೂ ಓಡುವ ಸ್ಥಿತಿಯಲ್ಲಿರಲಿಲ್ಲ. ಮಗು ಉಳಿಯಲಿಲ್ಲ.

ಮಕ್ಕಳೇ, ಆ ತಂದೆಯ ದುಃಖವನ್ನು ಊಹಿಸಿಕೊಳ್ಳಿ. ಹಿಮದ ಮೇಲೆ ಓಡುವ ಗಾಡಿಗಾಗಿ ವರ್ಷಗಟ್ಟಲೆ ದುಡಿದ ಮನುಷ್ಯನಿಗೇ ಅದು ಬೇಕಾದ ಹೊತ್ತಿಗೆ ಒದಗಲಿಲ್ಲ. ಅವರು ಮತ್ತೆ ಕೆಲಸಕ್ಕೆ ಕುಳಿತರು.

ಹಲ್ಲುಚಕ್ರ ಮತ್ತು ಪಟ್ಟಿ

1935ರಲ್ಲಿ ಅವರಿಗೆ ದಾರಿ ಸಿಕ್ಕಿತು. ನಿಮ್ಮ ಸೈಕಲ್ಲನ್ನು ನೋಡಿ. ಪೆಡಲಿನ ಬಳಿಯ ಹಲ್ಲುಚಕ್ರ ಚೈನಿನ ಸಂದುಗಳಲ್ಲಿ ಸಿಕ್ಕಿಕೊಂಡು ಅದನ್ನು ಎಳೆಯುತ್ತದೆ. ಅದಕ್ಕೇ ಚೈನು ಜಾರುವುದಿಲ್ಲ. ಬೊಂಬಾರ್ಡಿಯರ್ ಇದೇ ತತ್ವವನ್ನು ಬಳಸಿದರು. ಹಲ್ಲುಚಕ್ರಕ್ಕೆ ರಬ್ಬರಿನ ಹೊದಿಕೆ ಹಾಕಿದರು. ರಬ್ಬರ್ ಮತ್ತು ಹತ್ತಿಯಿಂದ ಮಾಡಿದ ಪಟ್ಟಿಗಳಿಗೆ ಉಕ್ಕಿನ ಅಡ್ಡಪಟ್ಟಿಗಳನ್ನು ಜೋಡಿಸಿದರು. ಚಕ್ರದ ಹಲ್ಲುಗಳು ಪಟ್ಟಿಯನ್ನು ಹಿಡಿದು ಎಳೆದವು. ಹಿಂದೆ ಟ್ರ್ಯಾಕ್, ಮುಂದೆ ದಿಕ್ಕು ತಿರುಗಿಸಲು ಜಾರುವ ಹಲಗೆಗಳು. ಗಾಡಿ ಹಿಮದ ಮೇಲೆ ಹೂಳದೆ ಓಡಿತು!

ಇದಕ್ಕೆ 1937ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. ಏಳು ಜನ ಕೂರಬಹುದಾದ ಈ ವಾಹನಕ್ಕೆ ಬಿ7 ಎಂದು ಹೆಸರಿಟ್ಟರು. ಬಿ ಎಂದರೆ ಬೊಂಬಾರ್ಡಿಯರ್, 7 ಎಂದರೆ ಪ್ರಯಾಣಿಕರ ಸಂಖ್ಯೆ. ಅನಂತರ 12 ಜನರ ಬಿ12 ಬಂತು. 1942ರಲ್ಲಿ ಅವರು ತಮ್ಮ ಕಂಪನಿಯನ್ನು ಸ್ಥಾಪಿಸಿದರು. ವೈದ್ಯರು ರೋಗಿಗಳ ಮನೆಗೆ ಹೋಗಲು, ಅಂಚೆ ಸಾಗಿಸಲು, ಮಕ್ಕಳನ್ನು ಶಾಲೆಗೆ ಕರೆದೊಯ್ಯಲು ಅವರ ವಾಹನಗಳು ಬಳಕೆಯಾದವು. ತಮ್ಮ ಮಗುವಿಗೆ ಸಿಗದ ಗಾಡಿ ಬೇರೆಯವರ ಮಕ್ಕಳಿಗೆ ಸಿಕ್ಕಿತು.

ಹಿಮ ತೆಗೆದರು, ಮಾರಾಟ ಕುಸಿಯಿತು

1948ರಲ್ಲಿ ಕ್ವಿಬೆಕ್ ಸರ್ಕಾರ ಚಳಿಗಾಲದಲ್ಲಿ ರಸ್ತೆಗಳ ಹಿಮವನ್ನು ತೆಗೆಯಬೇಕೆಂಬ ನಿಯಮ ಮಾಡಿತು. ಜನರಿಗೆ ಇದು ಒಳ್ಳೆಯ ಸುದ್ದಿ. ಆದರೆ ಹಿಮವಾಹನ ಮಾರುವವರಿಗೆ? ಮಾರಾಟ ಬಹಳ ಇಳಿದುಹೋಯಿತು.

ಬೊಂಬಾರ್ಡಿಯರ್ ಕೈಕಟ್ಟಿ ಕೂರಲಿಲ್ಲ. ರಸ್ತೆಯೇ ಇಲ್ಲದ ಜಾಗಗಳು ಇನ್ನೂ ಎಷ್ಟೋ ಇದ್ದವು. ಕಾಡು, ಜವುಗು ನೆಲ, ಕೆಸರು. ಹಿಮದಲ್ಲಿ ಹೂಳದ ಗಾಡಿ ಜವುಗಿನಲ್ಲೂ ಹೂಳಬಾರದಲ್ಲವೆ? 1953ರಲ್ಲಿ ಅವರು ಮಸ್ಕೆಗ್ ಎಂಬ ಟ್ರ್ಯಾಕ್ಟರನ್ನು ಹೊರತಂದರು. ಮಸ್ಕೆಗ್ ಎಂದರೆ ಕೆನಡಾದ ಜವುಗು ನೆಲ. ಅಲ್ಲಿ ಕಲ್ಲು, ಬೇರು, ಮರದ ಬೊಡ್ಡೆಗಳು ಪಟ್ಟಿಗೆ ತಗುಲುತ್ತವೆ. ಹಿಮಕ್ಕೆ ಸಾಕಾದ ಪಟ್ಟಿ ಇಲ್ಲಿಗೆ ಸಾಲದು. ಈ ಟ್ರ್ಯಾಕ್ಟರಿಗಾಗಿ ಇನ್ನೂ ಗಟ್ಟಿಯಾದ ಪಟ್ಟಿಯನ್ನು ರೂಪಿಸುವ ಕೆಲಸದಲ್ಲಿ ಅವರ ಹಿರಿಯ ಮಗ ಜೆರ್ಮೇನ್ ತೊಡಗಿದರು.

ಜೋಡಣೆ ಇಲ್ಲದ ಪಟ್ಟಿ

ಬಹಳ ತುಂಡುಗಳನ್ನು ಜೋಡಿಸಿದ ವಸ್ತು ಸಾಮಾನ್ಯವಾಗಿ ಎಲ್ಲಿ ಕೆಡುತ್ತದೆ? ನಿಮ್ಮ ಶಾಲಾ ಚೀಲವನ್ನೇ ನೋಡಿ. ಬಟ್ಟೆಗಿಂತ ಮೊದಲು ಹೊಲಿಗೆ ಬಿಡುತ್ತದೆ. ಟ್ರ್ಯಾಕ್‌ನಲ್ಲೂ ಹೀಗೆಯೇ. ಒಂದೇ ಅಖಂಡ ರಬ್ಬರ್ ಪಟ್ಟಿಯನ್ನು ಮಾಡಿ, ಅದಕ್ಕೆ ಅಡ್ಡಲಾಗಿ ಉಕ್ಕಿನ ಸರಳುಗಳನ್ನು ಕೊಟ್ಟರೆ? ಆಗ ಬಿಚ್ಚಿಕೊಳ್ಳುವ ಜೋಡಣೆಗಳೇ ಇರುವುದಿಲ್ಲ. ಪಟ್ಟಿ ಉದ್ದಕ್ಕೆ ಸುಲಭವಾಗಿ ಬಾಗುತ್ತದೆ, ಅಗಲಕ್ಕೆ ಮಾತ್ರ ಮಡಚಿಕೊಳ್ಳುವುದಿಲ್ಲ.

ಇಂಥ ಪಟ್ಟಿ ಮತ್ತು ಹೊಸದಾಗಿ ಬಂದ ಹಗುರ ಎಂಜಿನ್‌ಗಳು ಸೇರಿ ಬೊಂಬಾರ್ಡಿಯರ್ ಅವರ ಬಾಲ್ಯದ ಕನಸನ್ನು ನನಸು ಮಾಡಿದವು. ಒಬ್ಬಿಬ್ಬರು ಕೂರಬಹುದಾದ ಪುಟ್ಟ ಹಿಮವಾಹನ ಸಿದ್ಧವಾಯಿತು. ಅದರ ಹೆಸರು ಸ್ಕೀ-ಡೂ. 1959ರಲ್ಲಿ ಅದು ಮಾರಾಟಕ್ಕೆ ಬಂತು. ಮೊದಲ ಋತುವಿನಲ್ಲಿ 225 ಗಾಡಿಗಳು ಮಾರಾಟವಾದವು. ನಾಲ್ಕು ವರ್ಷಗಳ ಬಳಿಕ ಒಂದೇ ಋತುವಿನಲ್ಲಿ 8,000ಕ್ಕೂ ಹೆಚ್ಚು! ಉತ್ತರದ ಹಿಮಪ್ರದೇಶಗಳಲ್ಲಿ ನಾಯಿಗಳು ಎಳೆಯುತ್ತಿದ್ದ ಗಾಡಿಗಳ ಕೆಲಸವನ್ನು ಈ ಯಂತ್ರ ವಹಿಸಿಕೊಳ್ಳತೊಡಗಿತು.

1964ರ ಫೆಬ್ರವರಿ 18ರಂದು ಬೊಂಬಾರ್ಡಿಯರ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರಿಗೆ ಆಗ 56 ವರ್ಷ. ಮುಂದೆ ಅವರ ಹೆಸರಿನ ಸಂಸ್ಥೆ ರೈಲು, ವಿಮಾನಗಳನ್ನೂ ತಯಾರಿಸಿತು. ನಮ್ಮ ದೆಹಲಿ ಮೆಟ್ರೋದ ಹಲವು ರೈಲುಗಳು ಆ ಸಂಸ್ಥೆ ಮಾಡಿದವು. ವಾಲ್ಕೂರ್‌ನಲ್ಲಿ ಈಗ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ.

ಇಂದು ಪಟ್ಟಿ ಬದಲಿಸುವಾಗ

ಎಷ್ಟೇ ಗಟ್ಟಿಯಾದ ಪಟ್ಟಿಯೂ ಒಂದು ದಿನ ಸವೆಯುತ್ತದೆ. ಆಗ ಹಿಮನಾಡಿನ ಜನ ಹೊಸ ಪಟ್ಟಿಯನ್ನು ಹೇಗೆ ಆರಿಸುತ್ತಾರೆ ಗೊತ್ತೆ?

ಮೊದಲು ಅಳತೆ. ಉದ್ದ, ಅಗಲ ಸರಿಯಿದ್ದರೆ ಸಾಲದು. ಹಲ್ಲುಚಕ್ರ ಹಿಡಿಯುವ ಜಾಗಗಳ ನಡುವಿನ ಅಂತರವೂ ಹೊಂದಬೇಕು. ಸೈಕಲ್ ಚೈನಿನ ಸಂದುಗಳು ಹಲ್ಲಿಗೆ ಹೊಂದದಿದ್ದರೆ ಏನಾಗುತ್ತದೆ ಎಂದು ಯೋಚಿಸಿ.

ಎರಡನೆಯದು ಪಟ್ಟಿಯ ಒಳಗಿನ ರಚನೆ. ಈಗ ರಬ್ಬರಿನ ನಡುವೆ ಪಾಲಿಯೆಸ್ಟರಿನಂಥ ಗಟ್ಟಿ ನೇಯ್ಗೆಯ ಪದರಗಳಿರುತ್ತವೆ. ಅಡ್ಡ ಸರಳುಗಳನ್ನು ಹೆಚ್ಚಾಗಿ ಗಾಜಿನ ನಾರಿನಿಂದ ಮಾಡುತ್ತಾರೆ. ಪದರಗಳು ಹೆಚ್ಚಿದಂತೆ ಪಟ್ಟಿ ಗಟ್ಟಿ. ಆದರೆ ತೂಕವೂ ಹೆಚ್ಚು.

ಮೂರನೆಯದು ಪಟ್ಟಿಯ ಹೊರಮೈಯಲ್ಲಿರುವ ರಬ್ಬರ್ ಉಬ್ಬುಗಳು. ಇವೇ ಹಿಮವನ್ನು ಹಿಂದಕ್ಕೆ ತಳ್ಳಿ ಗಾಡಿಯನ್ನು ಮುಂದಕ್ಕೆ ಒಯ್ಯುತ್ತವೆ. ಆಳವಾದ ಸಡಿಲ ಹಿಮಕ್ಕೆ ಎತ್ತರದ ಉಬ್ಬು ಬೇಕು. ಗಟ್ಟಿಯಾದ ದಾರಿಯಲ್ಲಿ ಅದೇ ಉಬ್ಬು ಬೇಗ ಹರಿಯುತ್ತದೆ. ಅಲ್ಲಿಗೆ ಗಿಡ್ಡ ಉಬ್ಬೇ ಸರಿ.

ನೋಡಿದಿರಾ? ಎಲ್ಲ ಕಡೆಗೂ ಬಾಳುವ ಒಂದೇ ಪಟ್ಟಿ ಇಲ್ಲ. ಎಲ್ಲಿ ಓಡಬೇಕು ಎಂಬುದನ್ನು ಮೊದಲು ತಿಳಿದರೆ ಯಾವುದು ಬಾಳುತ್ತದೆ ಎಂಬುದು ತಿಳಿಯುತ್ತದೆ. ಬೊಂಬಾರ್ಡಿಯರ್ ಹಿಮಕ್ಕೊಂದು, ಜವುಗಿಗೊಂದು, ಪುಟ್ಟ ಗಾಡಿಗೊಂದು ಪಟ್ಟಿಯನ್ನು ರೂಪಿಸಿದ್ದು ಇದನ್ನು ಅರಿತೇ. ನಿಮ್ಮ ಮನೆಯಲ್ಲಿ ಏನಾದರೂ ಮುರಿದರೆ ಹೊಸದನ್ನು ತರುವ ಮೊದಲು ಒಮ್ಮೆ ನೋಡಿ: ಅದು ಎಲ್ಲಿ ಮುರಿದಿದೆ? ಏಕೆ ಅಲ್ಲೇ ಮುರಿಯಿತು?

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಒಂದು ಇಟ್ಟಿಗೆ, ಸಡಿಲವಾದ ಮರಳು, ಅಳತೆಪಟ್ಟಿ.

ಮರಳನ್ನು ಸಮತಟ್ಟಾಗಿ ಹರಡಿ. ಇಟ್ಟಿಗೆಯನ್ನು ಮೊದಲು ಅದರ ಚಿಕ್ಕ ಮುಖದ ಮೇಲೆ ನಿಲ್ಲಿಸಿ. ಎಷ್ಟು ಆಳಕ್ಕೆ ಇಳಿಯಿತು, ಅಳೆಯಿರಿ. ಬಳಿಕ ಬೇರೆ ಜಾಗದಲ್ಲಿ ಅದರ ದೊಡ್ಡ ಮುಖದ ಮೇಲೆ ಮಲಗಿಸಿ ಅಳೆಯಿರಿ. ಯಾವಾಗ ಹೆಚ್ಚು ಇಳಿಯಿತು?

ಈಗ ಲೆಕ್ಕ ಮಾಡಿ. 60 ಕಿಲೋಗ್ರಾಂ ತೂಕದ ಒಬ್ಬರ ಎರಡು ಪಾದಗಳು 300 ಚದರ ಸೆಂಟಿಮೀಟರ್ ಜಾಗವನ್ನು ಮುಟ್ಟುತ್ತವೆ ಎಂದಿಟ್ಟುಕೊಳ್ಳಿ. ಒಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ 200 ಗ್ರಾಂ. 300 ಕಿಲೋಗ್ರಾಂ ತೂಕದ ಗಾಡಿಯ ಟ್ರ್ಯಾಕ್ 6,000 ಚದರ ಸೆಂಟಿಮೀಟರ್ ಜಾಗವನ್ನು ಮುಟ್ಟಿದರೆ? ಮನುಷ್ಯ ಹೂಳುವ ಹಿಮದ ಮೇಲೆ ಗಾಡಿ ಏಕೆ ಹೂಳುವುದಿಲ್ಲ ಎಂದು ನಿಮ್ಮ ಉತ್ತರವೇ ಹೇಳುತ್ತದೆ.