ಫ. ಗು. ಹಳಕಟ್ಟಿ

ರಾವ್ ಬಹಾದ್ದೂರ್ ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿ (2 ಜುಲೈ 1880 – 29 ಜೂನ್ 1964) ಅವರು ವಚನ ಸಾಹಿತ್ಯದ ಸಂಶೋಧಕರು, ಸಂಪಾದಕರು, ವಕೀಲರು, ಪತ್ರಕರ್ತರು ಹಾಗೂ ಸಾರ್ವಜನಿಕ ಕಾರ್ಯಕರ್ತರು. ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ತಾಳೆಗರಿಗಳಿಂದ ಹುಡುಕಿ ತೆಗೆದು ಅಚ್ಚಿಗೆ ತಂದ ಕಾರಣ ಅವರನ್ನು ‘ವಚನ ಪಿತಾಮಹ’ ಎಂದು ಕನ್ನಡಿಗರು ಗೌರವಿಸುತ್ತಾರೆ. ಆದರೆ ಅವರ ಸಾರ್ವಜನಿಕ ಬದುಕು ಗ್ರಂಥಸಂಪಾದನೆಗೆ ಸೀಮಿತವಾದುದಲ್ಲ. ವಿಜಾಪುರ ನಗರಸಭೆಯ ಸದಸ್ಯರಾಗಿ, ಮುಂಬಯಿ ವಿಧಾನ ಪರಿಷತ್ತಿನ ಸದಸ್ಯರಾಗಿ, ಶಿಕ್ಷಣ ಸಂಸ್ಥೆ ಮತ್ತು ಸಹಕಾರಿ ಬ್ಯಾಂಕಿನ ಸ್ಥಾಪಕರಾಗಿಯೂ ಅವರು ಆ ಜಿಲ್ಲೆಗೆ ಸೇವೆ ಸಲ್ಲಿಸಿದರು.

ಬಾಲ್ಯ ಮತ್ತು ಶಿಕ್ಷಣ

ಹಳಕಟ್ಟಿಯವರು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು ಮತ್ತು ಲೇಖಕರು, ತಾಯಿ ದಾನಮ್ಮ. ಫಕೀರಪ್ಪನವರು ಇನ್ನೂ ಎಳೆಯ ಮಗುವಾಗಿದ್ದಾಗಲೇ ತಾಯಿ ತೀರಿಕೊಂಡುದರಿಂದ ಅಜ್ಜಿಯ ಆರೈಕೆಯಲ್ಲಿ ಬೆಳೆದರು. ಆ ಕಾಲದ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಬೆಳಗಾವಿ, ಧಾರವಾಡ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಆಡಳಿತದಲ್ಲಿಯೂ ಶಿಕ್ಷಣದಲ್ಲಿಯೂ ಮರಾಠಿಯ ಪ್ರಭಾವ ಪ್ರಬಲವಾಗಿತ್ತು. ಕನ್ನಡ ಶಾಲೆಗಳಿಗಾಗಿ ದುಡಿದ ಮೊದಲ ತಲೆಮಾರಿನ ಶಿಕ್ಷಕರ ಮನೆಯಲ್ಲಿ ಬೆಳೆದುದು ಅವರ ಮುಂದಿನ ಒಲವುಗಳಿಗೆ ಅಡಿಪಾಯವಾಯಿತು.

ಧಾರವಾಡದಲ್ಲಿ 1896ರಲ್ಲಿ ಮೆಟ್ರಿಕ್ಯುಲೇಶನ್ ಮುಗಿಸಿ, ಉನ್ನತ ಶಿಕ್ಷಣಕ್ಕಾಗಿ ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜನ್ನು ಸೇರಿದರು. ಮುಂಬಯಿಯಲ್ಲಿ ಮರಾಠಿ ಮತ್ತು ಗುಜರಾತಿ ಭಾಷಿಕರು ತಮ್ಮ ಭಾಷೆಗಾಗಿ ಪತ್ರಿಕೆ, ಸಂಘ, ಮುದ್ರಣಾಲಯಗಳನ್ನು ಕಟ್ಟಿಕೊಂಡಿದ್ದುದನ್ನು ಅವರು ಕಣ್ಣಾರೆ ಕಂಡರು. ಕನ್ನಡಿಗರಲ್ಲಿ ಅಂತಹ ಸಂಘಟನೆಯ ಕೊರತೆ ಇದೆಯೆಂಬ ಅರಿವು ಅವರಲ್ಲಿ ಮೂಡಿದುದು ಆಗಲೇ. ಪದವಿಯ ನಂತರ ಕಾನೂನು ಅಭ್ಯಾಸ ಮಾಡಿ 1904ರಲ್ಲಿ ವಕೀಲರಾದರು. ಸೋದರಮಾವ ತಮ್ಮಣ್ಣಪ್ಪ ಚಿಕ್ಕೋಡಿಯವರ ಮಗಳು ಭಾಗೀರಥಿಯವರೊಡನೆ ಅವರ ವಿವಾಹವಾಗಿತ್ತು.

ವಕೀಲಿ ವೃತ್ತಿ

ಬೆಳಗಾವಿಯಲ್ಲಿ ಅಲ್ಪಕಾಲ ವಕೀಲಿ ಮಾಡಿದ ಬಳಿಕ ಹಳಕಟ್ಟಿಯವರು ವಿಜಾಪುರಕ್ಕೆ ಬಂದು ನೆಲೆಸಿದರು. ಬ್ರಿಟಿಷ್ ಸರಕಾರವು ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ವಿಜಾಪುರಕ್ಕೆ 1885ರಲ್ಲಿ ಸ್ಥಳಾಂತರಿಸಿತ್ತು. ಕಚೇರಿ, ನ್ಯಾಯಾಲಯ, ರೈಲುಗಳು ಬಂದಿದ್ದರೂ ಜಿಲ್ಲೆ ಬಡವಾಗಿಯೇ ಉಳಿದಿತ್ತು. 1876–78ರ ಬರದ ನೆನಪು ಹಿರಿಯರಲ್ಲಿ ಇನ್ನೂ ಹಸಿಯಾಗಿತ್ತು. ಶತಮಾನದ ಕೊನೆಯಲ್ಲಿ ಮತ್ತೊಂದು ಬರ ಬಂದು ಹೋಗಿತ್ತು. ವಕೀಲರ ಬಳಿಗೆ ಬರುತ್ತಿದ್ದ ಬಹುಪಾಲು ಕಕ್ಷಿದಾರರು ಸಾಲ ಮತ್ತು ಜಮೀನಿನ ವ್ಯಾಜ್ಯಗಳಲ್ಲಿ ಸಿಕ್ಕಿದ ಒಕ್ಕಲಿಗರೇ ಆಗಿದ್ದರು. ಓದು ಬಾರದವನು ತಾನು ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನಿದೆಯೆಂದು ತಿಳಿಯದೆ ಹೊಲ ಕಳೆದುಕೊಳ್ಳುವುದು ಆ ಕಾಲದ ಸಾಮಾನ್ಯ ಸಂಗತಿ.

ಹಳಕಟ್ಟಿಯವರು ಬೇಗನೆ ಹೆಸರು ಗಳಿಸಿದರು. ಮುಂದೆ ಸರಕಾರಿ ವಕೀಲರಾಗಿಯೂ ನೇಮಕಗೊಂಡರು. ಸಂಪಾದನೆಗೆ ಕೊರತೆ ಇರಲಿಲ್ಲ. ಆ ದಾರಿಯಲ್ಲಿಯೇ ನಡೆದಿದ್ದರೆ ಅವರು ಜಿಲ್ಲೆಯ ಶ್ರೀಮಂತರಲ್ಲಿ ಒಬ್ಬರಾಗಬಹುದಾಗಿತ್ತು.

ನಗರಸಭೆ ಮತ್ತು ವಿಧಾನ ಪರಿಷತ್ತು

ಲಾರ್ಡ್ ರಿಪ್ಪನ್ನನ 1882ರ ನಿರ್ಣಯದ ನಂತರ ಪಟ್ಟಣಗಳ ಆಡಳಿತದಲ್ಲಿ ಊರಿನವರಿಗೆ ಸ್ವಲ್ಪಮಟ್ಟಿನ ಅಧಿಕಾರ ದೊರಕಿತು. 1901ರ ಮುಂಬಯಿ ಜಿಲ್ಲಾ ಮುನಿಸಿಪಾಲಿಟಿ ಕಾಯಿದೆಯು ಈ ಸಂಸ್ಥೆಗಳಿಗೆ ಹೊಸ ರೂಪ ನೀಡಿತು. ಮತದಾನದ ಹಕ್ಕು ಎಲ್ಲರಿಗೂ ಇರಲಿಲ್ಲ; ತೆರಿಗೆ, ಆಸ್ತಿ ಅಥವಾ ವಿದ್ಯೆಯ ಅರ್ಹತೆ ಬೇಕಾಗಿತ್ತು. ಜಿಲ್ಲಾಧಿಕಾರಿಗಳ ಹಿಡಿತವೂ ಬಿಗಿಯಾಗಿತ್ತು. ಹೀಗಿದ್ದರೂ ನೀರು, ಬೀದಿದೀಪ, ಚರಂಡಿ, ಪ್ರಾಥಮಿಕ ಶಾಲೆಗಳಂತಹ ದಿನನಿತ್ಯದ ವಿಷಯಗಳು ಇಲ್ಲಿಯೇ ತೀರ್ಮಾನವಾಗುತ್ತಿದ್ದವು. ಸ್ವರಾಜ್ಯದ ಮೊದಲ ಪಾಠವನ್ನು ಅನೇಕ ವಕೀಲರು ಕಲಿತದ್ದು ನಗರಸಭೆಯ ಬೆಂಚಿನ ಮೇಲೆ. ಹಳಕಟ್ಟಿಯವರೂ ಅವರಲ್ಲಿ ಒಬ್ಬರು.

ವಿಜಾಪುರದಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ನೀರಿನದು. ಆದಿಲಶಾಹಿ ಅರಸರು ತೊರವಿಯಿಂದಲೂ ಬೇಗಂ ತಲಾಬ್‌ನಿಂದಲೂ ನೆಲದಡಿಯ ಕೊಳವೆಗಳ ಮೂಲಕ ನಗರಕ್ಕೆ ನೀರು ತಂದಿದ್ದರು. ನೀರಿನ ಒತ್ತಡವನ್ನು ಹದಗೊಳಿಸಲು ಗಂಜ್ ಎಂಬ ಗೋಪುರಗಳನ್ನು ಕಟ್ಟಿಸಿದ್ದರು. 1686ರಲ್ಲಿ ರಾಜ್ಯ ಅಳಿದ ಬಳಿಕ ಈ ವ್ಯವಸ್ಥೆ ಕ್ರಮೇಣ ಹಾಳುಬಿದ್ದಿತು. ಜಿಲ್ಲಾ ಕೇಂದ್ರವಾಗಿ ಊರು ಮತ್ತೆ ಬೆಳೆಯತೊಡಗಿದಾಗ ಹಳೆಯ ಬಾವಿಗಳು ಸಾಲದೆ ಹೋದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಗರದ ಹೊರವಲಯದಲ್ಲಿ ನಿರ್ಮಾಣವಾದ ಭೂತನಾಳ ಕೆರೆಯು ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿತು. ನಗರಸಭೆಯಲ್ಲಿದ್ದು ಈ ಕೆರೆಗಾಗಿ ಶ್ರಮಿಸಿದವರಲ್ಲಿ ಹಳಕಟ್ಟಿಯವರ ಹೆಸರನ್ನು ವಿಜಾಪುರದ ಜನ ಇಂದಿಗೂ ನೆನೆಯುತ್ತಾರೆ.

ನಗರಸಭೆಯ ಅನುಭವವು ಅವರನ್ನು ಪ್ರಾಂತೀಯ ಮಟ್ಟಕ್ಕೆ ಕರೆದೊಯ್ದಿತು. 1919ರ ಸುಧಾರಣೆಗಳಂತೆ ರಚಿತವಾದ ಮುಂಬಯಿ ವಿಧಾನ ಪರಿಷತ್ತಿಗೆ ಅವರು ಆಯ್ಕೆಯಾದರು. ಕರ್ನಾಟಕದ ಏಕೀಕರಣಕ್ಕೂ ಅವರ ಬೆಂಬಲವಿತ್ತು.

ಶಿಕ್ಷಣ ಮತ್ತು ಸಹಕಾರ

ಜಿಲ್ಲೆಯ ಹಿಂದುಳಿದಿರುವಿಕೆಗೆ ಅವಿದ್ಯೆ ಮತ್ತು ಸಾಲ ಎಂಬ ಎರಡು ಕಾರಣಗಳನ್ನು ಹಳಕಟ್ಟಿಯವರು ಗುರುತಿಸಿದ್ದರು. ಮೊದಲನೆಯದಕ್ಕೆ ಉತ್ತರವಾಗಿ 1910ರಲ್ಲಿ ವಿಜಾಪುರ ಜಿಲ್ಲಾ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಸ್ಥಾಪಿಸಿದರು. ಇದೇ ಮುಂದೆ ಬಿ.ಎಲ್.ಡಿ.ಇ. ಸಂಸ್ಥೆಯೆಂದು ಹೆಸರಾಗಿ, ಶಾಲೆಗಳಿಂದ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳವರೆಗೆ ಬೆಳೆಯಿತು. ಎರಡನೆಯದಕ್ಕೆ ಉತ್ತರವಾಗಿ 1912ರಲ್ಲಿ ಶ್ರೀ ಸಿದ್ಧೇಶ್ವರ ಅರ್ಬನ್ ಕೋ-ಆಪರೇಟಿವ್ ಬ್ಯಾಂಕ್ ಆರಂಭವಾಯಿತು. ಸಾಹುಕಾರರ ಬಡ್ಡಿಗೆ ಸಿಕ್ಕುತ್ತಿದ್ದ ಸಣ್ಣ ವ್ಯಾಪಾರಿಗಳಿಗೂ ಕುಶಲಕರ್ಮಿಗಳಿಗೂ ಇಂತಹ ಸಂಸ್ಥೆಯೊಂದು ಆಸರೆಯಾಯಿತು. ಭಾರತದಲ್ಲಿ ಸಹಕಾರ ಸಂಘಗಳ ಕಾಯಿದೆ ಮೊದಲು ಬಂದದ್ದು 1904ರಲ್ಲಿ ಎಂಬುದನ್ನು ನೆನೆದರೆ, ಈ ಪ್ರಯತ್ನ ಎಷ್ಟು ಬೇಗನೆ ನಡೆಯಿತೆಂಬುದು ತಿಳಿಯುತ್ತದೆ.

ವಚನ ಸಾಹಿತ್ಯದ ಸಂಗ್ರಹ

ವಕೀಲಿಯ ಆರಂಭದ ದಿನಗಳಲ್ಲಿಯೇ ರಬಕವಿ–ಬನಹಟ್ಟಿ ಭಾಗದ ಮನೆಯೊಂದರಲ್ಲಿ ಹಳಕಟ್ಟಿಯವರು ವಚನಗಳ ತಾಳೆಗರಿ ಕಟ್ಟುಗಳನ್ನು ನೋಡಿದರು. ಮನೆಗಳಲ್ಲಿ ಅವು ಪೂಜೆಯ ಜಗಲಿಯ ಮೇಲೆ ಬಟ್ಟೆ ಸುತ್ತಿ ಇಡಲ್ಪಟ್ಟಿರುತ್ತಿದ್ದವು; ವಿಭೂತಿ ಹಚ್ಚಿ ಕೈಮುಗಿಯುತ್ತಿದ್ದರೇ ಹೊರತು ಬಿಚ್ಚಿ ಓದುವವರು ವಿರಳ. ಹುಳು ತಿಂದು, ಅಂಚು ಮುರಿದು ಅವು ವರ್ಷದಿಂದ ವರ್ಷಕ್ಕೆ ನಾಶವಾಗುತ್ತಿದ್ದವು. ಈ ನಾಶವನ್ನು ತಡೆಯುವುದೇ ತಮ್ಮ ಜೀವನದ ಕಾರ್ಯವೆಂದು ಅವರು ನಿಶ್ಚಯಿಸಿದರು.

ಅಂದಿನಿಂದ ಮಠಗಳಿಗೂ ಮನೆಗಳಿಗೂ ಅಲೆದು ಕಟ್ಟುಗಳನ್ನು ಕೂಡಿಹಾಕಿದರು. ಕೆಲವರು ಸಂತೋಷದಿಂದ ಕೊಟ್ಟರು. ಕೆಲವರು ಮನೆದೇವರಂತಿದ್ದ ಗ್ರಂಥವನ್ನು ಹೊರಗೆ ಕಳುಹಿಸಲು ಒಪ್ಪಲಿಲ್ಲ. ಸಿಕ್ಕಿದ ಮೇಲೂ ಕೆಲಸ ಸುಲಭವಾಗಿರಲಿಲ್ಲ. ತಾಳೆಗರಿಯ ಬರಹದಲ್ಲಿ ಪದಗಳ ನಡುವೆ ಬಿಡುವಿರುವುದಿಲ್ಲ. ಒಂದೇ ಕಟ್ಟಿನಲ್ಲಿ ಹಲವರ ವಚನಗಳು ಬೆರೆತಿರುತ್ತವೆ. ಅವುಗಳನ್ನು ಬೇರ್ಪಡಿಸಲು ವಚನದ ಕೊನೆಯಲ್ಲಿ ಬರುವ ಅಂಕಿತವೇ ಮುಖ್ಯ ಆಧಾರ: ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರದು, ಗುಹೇಶ್ವರ ಎಂದಿದ್ದರೆ ಅಲ್ಲಮಪ್ರಭುವಿನದು, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕಮಹಾದೇವಿಯದು. ಈ ಕ್ರಮದಲ್ಲಿ ಒಂದೊಂದನ್ನೂ ಪ್ರತಿ ಮಾಡಿ, ಪಾಠಗಳನ್ನು ಹೋಲಿಸಿ, ವಿಷಯಾನುಸಾರವಾಗಿ ಜೋಡಿಸಿದರು. ಅವರ ಶ್ರಮದಿಂದ ಇನ್ನೂರಕ್ಕೂ ಹೆಚ್ಚು ವಚನಕಾರರ ಹೆಸರುಗಳು ಬೆಳಕಿಗೆ ಬಂದವು. ಸಮಾಜದ ಕೆಳಸ್ತರದ ಕಾಯಕಜೀವಿಗಳೂ ಮಹಿಳೆಯರೂ ಅವರಲ್ಲಿದ್ದರು.

1922ರಲ್ಲಿ ಬಸವಣ್ಣನವರ ವಚನಗಳ ಅವರ ಇಂಗ್ಲಿಷ್ ಅನುವಾದವು ಇಂಡಿಯನ್ ಆ್ಯಂಟಿಕ್ವೆರಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ಹೊತ್ತಿಗೆ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಸಿದ್ಧವಾಗಿತ್ತು. ಅಚ್ಚಿಗಾಗಿ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಿದಾಗ ಅದು ಅಚ್ಚಾಗದೆ ಮರಳಿ ಬಂದಿತು. ಕೊನೆಗೆ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಮುದ್ರಣಗೊಂಡು 1923ರಲ್ಲಿ ಗ್ರಂಥ ಹೊರಬಂದಿತು. ಆಧುನಿಕ ಕಾಲದ ವಚನ ಅಧ್ಯಯನದ ಆರಂಭವನ್ನು ಬಹುಮಂದಿ ವಿದ್ವಾಂಸರು ಈ ಗ್ರಂಥದಿಂದಲೇ ಎಣಿಸುತ್ತಾರೆ.

ಹಿತಚಿಂತಕ ಮುದ್ರಣಾಲಯ ಮತ್ತು ಪತ್ರಿಕೆಗಳು

ಇತರರ ಮುದ್ರಣಾಲಯಗಳನ್ನು ನಂಬಿ ಇಷ್ಟು ದೊಡ್ಡ ಕಾರ್ಯ ಸಾಗದೆಂದು ಅರಿತ ಹಳಕಟ್ಟಿಯವರು ತಮ್ಮ ಮನೆಯನ್ನು ಮಾರಿ, 1925ರಲ್ಲಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಮುಂದಿನ ವರ್ಷ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ ಆರಂಭವಾದವು. ಶಿವಾನುಭವವು ಶರಣ ಸಾಹಿತ್ಯಕ್ಕೆ ಮೀಸಲಾಗಿತ್ತು. ನವಕರ್ನಾಟಕವು ನಾಡಿನ ಆಗುಹೋಗುಗಳನ್ನು ಕುರಿತದ್ದು. ಚಂದಾದಾರರ ಸಂಖ್ಯೆ ಎಂದೂ ಹೆಚ್ಚಿರಲಿಲ್ಲ. ಆದರೂ ಶಿವಾನುಭವವನ್ನು ಮೂರು ದಶಕಗಳಿಗೂ ಹೆಚ್ಚು ಕಾಲ ನಡೆಸಿಕೊಂಡು ಬಂದರು. ಲೇಖನ ಬರೆಯುವುದು, ಕರಡು ತಿದ್ದುವುದು, ಪತ್ರಿಕೆಯನ್ನು ಅಂಚೆಗೆ ಹಾಕುವುದು ಮುಂತಾದ ಕೆಲಸಗಳನ್ನೂ ತಾವೇ ಮಾಡುತ್ತಿದ್ದರು.

ಈ ಮುದ್ರಣಾಲಯದಿಂದ ಹೊರಬಂದ ಗ್ರಂಥಗಳಲ್ಲಿ ಶೂನ್ಯಸಂಪಾದನೆ (1930) ಮುಖ್ಯವಾದುದು. ಹರಿಹರನ ರಗಳೆಗಳನ್ನು ಸಂಪಾದಿಸಿ ಪ್ರಕಟಿಸಿದ ಕೀರ್ತಿಯೂ ಅವರದು. ಶಿವಶರಣರ ಮತ್ತು ಶಿವಶರಣೆಯರ ಚರಿತ್ರೆಗಳನ್ನು ಸಾಮಾನ್ಯ ಓದುಗರಿಗಾಗಿ ಸರಳ ಗದ್ಯದಲ್ಲಿ ಬರೆದರು.

ಈ ಕಾರ್ಯದ ಬೆಲೆ ದೊಡ್ಡದಾಗಿತ್ತು. ವಕೀಲಿಯ ಕಡೆಗೆ ಗಮನ ಕಡಿಮೆಯಾದಂತೆ ಆದಾಯ ಇಳಿಯಿತು. ಗಳಿಸಿದುದೆಲ್ಲ ಕಾಗದ, ಮೊಳೆ, ಕೂಲಿಗಳಿಗೆ ಹೋಯಿತು. ಒಂದು ಕಾಲಕ್ಕೆ ಸರಕಾರಿ ವಕೀಲರಾಗಿದ್ದವರು ಬಾಡಿಗೆ ಮನೆಯಲ್ಲಿ, ತೇಪೆ ಹಾಕಿದ ಕೋಟು ತೊಟ್ಟು ದಿನ ಕಳೆದರು. ಸಂಸಾರದ ಭಾರವನ್ನು ಪತ್ನಿ ಭಾಗೀರಥಿಯವರು ಹೊತ್ತರು. ಅವರ ತ್ಯಾಗವನ್ನು ಗಣಿಸದೆ ಹಳಕಟ್ಟಿಯವರ ಸಾಧನೆಯನ್ನು ಅಳೆಯಲಾಗದು.

ಅವರ ಸಂಪಾದನೆಯಲ್ಲಿ ಮಿತಿಗಳೂ ಇವೆ. ದೊರೆತ ಪ್ರತಿಗಳು ಕೆಲವೇ ಆಗಿದ್ದುದರಿಂದ ಅನೇಕ ಕಡೆ ಪಾಠಾಂತರಗಳನ್ನು ಪೂರ್ಣವಾಗಿ ಕೊಡಲಾಗಲಿಲ್ಲ. ಎಲ್. ಬಸವರಾಜು, ಎಂ. ಎಂ. ಕಲಬುರ್ಗಿ ಮೊದಲಾದ ನಂತರದ ವಿದ್ವಾಂಸರು ಹೆಚ್ಚಿನ ಹಸ್ತಪ್ರತಿಗಳ ನೆರವಿನಿಂದ ಪಾಠಗಳನ್ನು ಪರಿಷ್ಕರಿಸಿದರು. ಹಾಗೆ ಮಾಡಲು ಅವರಿಗೆ ನೆಲೆ ಒದಗಿಸಿದ್ದು ಹಳಕಟ್ಟಿಯವರ ಸಂಗ್ರಹ.

ಗೌರವಗಳು

1926ರಲ್ಲಿ ಬಳ್ಳಾರಿಯಲ್ಲಿ ನಡೆದ ಹನ್ನೆರಡನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಹಳಕಟ್ಟಿಯವರು ಅಧ್ಯಕ್ಷರಾಗಿದ್ದರು. ಬ್ರಿಟಿಷ್ ಸರಕಾರವು ರಾವ್ ಸಾಹೇಬ್ ಮತ್ತು ರಾವ್ ಬಹಾದ್ದೂರ್ ಬಿರುದುಗಳನ್ನು ನೀಡಿತು. ಕರ್ನಾಟಕ ವಿಶ್ವವಿದ್ಯಾಲಯವು 1956ರಲ್ಲಿ ಗೌರವ ಡಿ.ಲಿಟ್. ಪದವಿಯನ್ನು ಪ್ರದಾನ ಮಾಡಿತು. ವಿಜಾಪುರಕ್ಕೆ ಬಂದಿದ್ದ ಬಿ. ಎಂ. ಶ್ರೀಕಂಠಯ್ಯನವರು, ಆ ಊರಿನ ಪ್ರಸಿದ್ಧ ಗೋಲಗುಮ್ಮಟಕ್ಕೆ ಹೋಲಿಸಿ ಹಳಕಟ್ಟಿಯವರನ್ನು ವಚನಗುಮ್ಮಟವೆಂದು ಕರೆದರೆಂಬುದು ಕನ್ನಡ ಸಾಹಿತ್ಯವಲಯದಲ್ಲಿ ಪ್ರಸಿದ್ಧವಾದ ಸಂಗತಿ.

ನಿಧನ ಮತ್ತು ಸ್ಮರಣೆ

ಹಳಕಟ್ಟಿಯವರು 1964ರ ಜೂನ್ 29ರಂದು ನಿಧನರಾದರು. ಎಂಬತ್ತನಾಲ್ಕು ವರ್ಷ ತುಂಬಲು ಮೂರೇ ದಿನಗಳು ಉಳಿದಿದ್ದವು.

ಅವರು ಸ್ಥಾಪಿಸಿದ ವಿದ್ಯಾಸಂಸ್ಥೆಯೇ ಅವರ ಹೆಸರಿನಲ್ಲಿ ಸಂಶೋಧನ ಕೇಂದ್ರವೊಂದನ್ನು ನಡೆಸುತ್ತಿದ್ದು, ಅವರ ಸಮಗ್ರ ಸಾಹಿತ್ಯವನ್ನು ಸಂಪುಟಗಳಲ್ಲಿ ಪ್ರಕಟಿಸಿದೆ. 1980ರಲ್ಲಿ ಆರಂಭವಾದ ಆ ಸಂಸ್ಥೆಯ ಇಂಜಿನಿಯರಿಂಗ್ ಕಾಲೇಜಿಗೂ ವಚನ ಪಿತಾಮಹ ಡಾ. ಪಿ. ಜಿ. ಹಳಕಟ್ಟಿ ಎಂಬ ಹೆಸರಿದೆ. ವಿಜಾಪುರ ನಗರದ ಹೆಸರು 2014ರಲ್ಲಿ ವಿಜಯಪುರವೆಂದು ಅಧಿಕೃತವಾಗಿ ಬದಲಾಯಿತು. ಹಳಕಟ್ಟಿಯವರ ಜನ್ಮದಿನವಾದ ಜುಲೈ 2ನ್ನು ಕರ್ನಾಟಕದಲ್ಲಿ ವಚನ ಸಾಹಿತ್ಯ ಸಂರಕ್ಷಣಾ ದಿನವನ್ನಾಗಿ ಆಚರಿಸಲಾಗುತ್ತಿದೆ.